ಒಂದೇ ಹೆಸರಿಗೆ ಬಂದ ಸೀಟು

ನಮ್ಮ ಮನೆಯಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅದು ತಾತನ ತಾಯಿಯ ಹೆಸರು. ಅಜ್ಜಿಗೆ ಅದು ಅತ್ತೆಯ ಹೆಸರಾಯಿತು. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಆಡುವಂತಿಲ್ಲ. ಅಜ್ಜಿಯೇ ಆಡದ ಹೆಸರನ್ನು ಅವ್ವ, ಚಿಕ್ಕಮ್ಮ ಆಡಿಯಾರೇ? ಇನ್ನು ತಾತ, ಹೆತ್ತ ತಾಯಿಯ ಹೆಸರು ಹಿಡಿದು ಮೊಮ್ಮಗಳನ್ನು ಬೈಯುವುದು ಹೇಗೆ ಅಂತ ಸುಮ್ಮನಿದ್ದರು. ಹಾಗಾಗಿ ನಾನು ಎಲ್ಲರ ಬಾಯಲ್ಲೂ ‘ದೊಡ್ಡೋಳು’. ದೊಡ್ಡೋಳು ಅಂದ ಮೇಲೆ ಚಿಕ್ಕೋಳು ಒಬ್ಬಳು ಇರಬೇಕಲ್ಲ, ಇದ್ದಳು. ಚಿಕ್ಕಪ್ಪನ ಮಗಳು, ನನಗಿಂತ ಒಂದೇ ತಿಂಗಳು ಚಿಕ್ಕವಳು. ಅವಳಿಗೂ ಅದೇ ಹೆಸರು.

ಇದನ್ನು ಕೇಳಿ ಈಗಿನ ಮಕ್ಕಳು ನಗುತ್ತಾರೆ. ನಗಲಿ. ನಾನು ಹುಟ್ಟಿದಾಗ ತಾತ ತಮ್ಮ ತಾಯಿಯೇ ತಿರುಗಿ ಬಂದಳು ಅಂತ ಅವಳ ಹೆಸರಿಟ್ಟರು. ತಿಂಗಳು ಕಳೆದು ಇನ್ನೊಂದು ಹೆಣ್ಣು ಹುಟ್ಟಿತು. ತಾಯಿ ಬಂದಿರುವುದು ಇವಳಲ್ಲೋ ಅವಳಲ್ಲೋ ಅಂತ ತಾತನಿಗೆ ಅನುಮಾನ ಬಂತು. ಯಾಕೆ ತೊಂದರೆ ಅಂತ ಇಬ್ಬರಿಗೂ ಇಟ್ಟುಬಿಟ್ಟರು. ಹೇಗೂ ಆ ಹೆಸರಿನಿಂದ ಕರೆಯುವವರು ಯಾರೂ ಇಲ್ಲದ್ದರಿಂದ ಮನೆಯಲ್ಲಿ ಯಾವ ತೊಡಕೂ ಆಗಲಿಲ್ಲ.

ತೊಡಕಾದದ್ದು ಶಾಲೆಯಲ್ಲಿ. ನಮ್ಮೂರು ಸಾರಕ್ಕಿಯಲ್ಲಿ ಆಗ ನಾಲ್ಕನೇ ಕ್ಲಾಸಿನವರೆಗೆ ಒಂದು ಶಾಲೆಯಿತ್ತು, ಒಬ್ಬರೇ ಮೇಷ್ಟ್ರು. ತಾತ ನಮ್ಮಿಬ್ಬರನ್ನೂ ಒಂದೇ ದಿನ ಕರೆದುಕೊಂಡು ಹೋಗಿ ಸೇರಿಸಿದರು. ಮೇಷ್ಟ್ರು ಹೆಸರು ಕೇಳಿದರು, ಬರೆದರು. ಪೋಷಕರು ಯಾರು ಅಂದರು. ಒಟ್ಟು ಕುಟುಂಬದ ಯಜಮಾನರು ತಾತ, ಇಬ್ಬರಿಗೂ ಅವರ ಹೆಸರೇ ಹೋಯಿತು. ಹುಟ್ಟಿದ ದಿನ ಯಾರಿಗೂ ಗೊತ್ತಿರಲಿಲ್ಲ. ಮೇಷ್ಟ್ರು ತಮಗೆ ಅನುಕೂಲವಾದ ಒಂದು ತಾರೀಕು ಹಾಕುತ್ತಿದ್ದರು, ನಮ್ಮ ಊರಿನ ಅರ್ಧ ಮಕ್ಕಳು ಹುಟ್ಟಿದ್ದು ಅದೇ ತಾರೀಕಿಗೆ. ಹೀಗೆ ರಿಜಿಸ್ಟರಿನಲ್ಲಿ ನಾವಿಬ್ಬರೂ ಒಬ್ಬಳೇ ಆಗಿಹೋದೆವು. ಒಂದೇ ಮೇಷ್ಟ್ರು ಕೈ ಹಿಡಿದು ತಿದ್ದಿಸಿದ ಅಕ್ಷರ, ಬರವಣಿಗೆಯೂ ಒಂದೇ ಥರ ಇತ್ತು.

ಓದಿನಲ್ಲಿ ಮಾತ್ರ ಬೇರೆ ಬೇರೆ. ನನಗೆ ಕನ್ನಡ ಬರುತ್ತಿತ್ತು. ಪದ್ಯ ಒಂದು ಸಲ ಕೇಳಿದರೆ ಬಾಯಿಗೆ ಬಂದುಬಿಡುತ್ತಿತ್ತು. ಲೆಕ್ಕ ಅಂದರೆ ಹೊಟ್ಟೆನೋವು. ಚಿಕ್ಕೋಳು ನಾಲ್ಕು ಸಾಲು ಓದುವಷ್ಟರಲ್ಲಿ ಆಕಳಿಸುತ್ತಿದ್ದಳು, ಆದರೆ ಲೆಕ್ಕ ಕೊಟ್ಟರೆ ಮೇಷ್ಟ್ರಿಗಿಂತ ಮೊದಲು ಉತ್ತರ ಹೇಳುತ್ತಿದ್ದಳು. ಅವಳ ದಾರಿಯೇ ಬೇರೆ. ಅಜ್ಜಿ ಸೊಪ್ಪು ಮಾರಿ ಸಂಜೆ ಬಂದಾಗ ಬುಟ್ಟಿಯಲ್ಲಿ ಉಳಿದದ್ದನ್ನು, ಬಂದ ಕಾಸನ್ನು ನೋಡಿ ಬೆಳಿಗ್ಗೆ ಎಷ್ಟು ಕಟ್ಟು ಒಯ್ದಿದ್ದರು ಅಂತ ಹಿಂದಿನಿಂದ ಮುಂದಕ್ಕೆ ಎಣಿಸಿ ಹೇಳುತ್ತಿದ್ದಳು. ಸ್ಲೇಟಿನಲ್ಲೂ ಸಣ್ಣ ಸಣ್ಣ ಕಟ್ಟುಗಳ ಚಿತ್ರ ಬರೆದೇ ಲೆಕ್ಕ ಮಾಡುತ್ತಿದ್ದಳು. ಮೇಷ್ಟ್ರು ಹೇಳಿಕೊಟ್ಟ ಕ್ರಮ ಅವಳಿಗೆ ಬೇಕಿರಲಿಲ್ಲ.

ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ಊರಿನ ಉತ್ತರಕ್ಕೆ ಜಯನಗರ ಬಡಾವಣೆ ಬೆಳೆಯುತ್ತಿತ್ತು. ನಿನ್ನೆ ಅವರೆಕಾಯಿ ಬಿಡಿಸಿದ ಹೊಲಕ್ಕೆ ಇವತ್ತು ಸೈಟಿನ ಕಲ್ಲು ನೆಡುತ್ತಿದ್ದರು. ನಮ್ಮ ಹೊಲವೂ ಹೋಯಿತು. ಅಲ್ಲಿ ಹೆಣ್ಣುಮಕ್ಕಳಿಗೇ ಅಂತ ಒಂದು ಹೊಸ ಶಾಲೆ ಎದ್ದಿತು, ಹೆಂಚಿನ ಉದ್ದನೆಯ ಕಟ್ಟಡ, ಮುಂದೆ ಗುಲ್ಮೊಹರ್ ಸಸಿಗಳು. ಹಳ್ಳಿಗಳ ಜಮೀನಿನಲ್ಲಿ ಕಟ್ಟಿದ ಶಾಲೆ ಅಂತ ಊರಿನ ಹಿರಿಯರು ಹೋಗಿ ಕೇಳಿದ್ದಕ್ಕೆ ಶಾಲೆಯ ಕಮಿಟಿಯವರು ಒಂದು ತೀರ್ಮಾನ ಮಾಡಿದರು: ಸುತ್ತಲಿನ ಒಂದೊಂದು ಹಳ್ಳಿಯಿಂದ ವರ್ಷಕ್ಕೆ ಒಬ್ಬೊಬ್ಬ ಹುಡುಗಿಗೆ ಫೀಜಿಲ್ಲದೆ ಸೀಟು. ಪುಸ್ತಕ, ಬಟ್ಟೆ ಎಲ್ಲಾ ಅವರದೇ. ಆದರೆ ಪರೀಕ್ಷೆ ಬರೆದು ಗೆಲ್ಲಬೇಕು. ಬಡಾವಣೆಯ ಮಕ್ಕಳಿಗೆ ಪರೀಕ್ಷೆ ಇರಲಿಲ್ಲ. ಅಪ್ಪ ಕೈ ಹಿಡಿದುಕೊಂಡು ಬಂದರೆ ಸಾಕು, ಸೇರಿಸಿಕೊಳ್ಳುತ್ತಿದ್ದರು. ಇದು ನ್ಯಾಯವೇ ಅಂತ ಆಗ ಯಾರೂ ಕೇಳಲಿಲ್ಲ. ಸಿಕ್ಕಿದ್ದೇ ದೊಡ್ಡದು ಅಂತ ಕೈ ಮುಗಿದು ಬಂದರು.

ಸರ್ಕಾರಿ ಮಿಡ್ಲ್ ಸ್ಕೂಲೂ ಇತ್ತು. ಅಲ್ಲಿ ಗಂಡುಹುಡುಗರ ಜೊತೆ ಕೂರಬೇಕು. “ಗಂಡೈಕ್ಳ ಮಧ್ಯೆ ನಮ್ ಹೆಣ್ಣುಮಕ್ಳನ್ನ ಕೂರ್ಸಾಕಿಲ್ಲ” ಅಂದಿದ್ದರು ತಾತ. ಅವರ ಮಾತು ಮುಗಿದರೆ ಮುಗಿಯಿತು. ಅಂದರೆ ಈ ಸೀಟು ಸಿಕ್ಕಿದವಳು ಓದುತ್ತಾಳೆ, ಸಿಕ್ಕದವಳು ನಾಲ್ಕನೇ ಕ್ಲಾಸಿಗೆ ಸ್ಲೇಟು ತೊಳೆದಿಟ್ಟು ಅಜ್ಜಿಯ ಬುಟ್ಟಿ ಹೊರುತ್ತಾಳೆ. ಹತ್ತು ವರ್ಷದ ನಮಗೆ ಅದು ಚೆನ್ನಾಗಿ ಗೊತ್ತಿತ್ತು.

ಪರೀಕ್ಷೆ ನಡೆದದ್ದು ಹೊಸ ಶಾಲೆಯ ಜಗಲಿಯಲ್ಲಿ. ಉತ್ತರಹಳ್ಳಿಯವರೆಗಿನ ಹುಡುಗಿಯರೆಲ್ಲ ಎಣ್ಣೆ ಹಚ್ಚಿ ಬಿಗಿದು ಜಡೆ ಹಾಕಿಸಿಕೊಂಡು ಬಂದು ಕೂತಿದ್ದರು. ಹೆಸರು, ಊರು, ಪೋಷಕರ ಹೆಸರು ಬರೀರಿ ಅಂದರು. ನಾನೂ ಬರೆದೆ, ನನ್ನ ಹಿಂದೆ ಕೂತಿದ್ದ ಚಿಕ್ಕೋಳೂ ಬರೆದಳು. ಕನ್ನಡಕ್ಕೆ ಒಂದು ಕಾಗದ ಬರೆಯುವುದಿತ್ತು, ನಾನು ಹಾಳೆ ತುಂಬಿಸಿದೆ. ಲೆಕ್ಕದಲ್ಲಿ ಮಾವಿನಹಣ್ಣು ಮಾರುವವನೊಬ್ಬ ಬಂದ. ಮುಕ್ಕಾಲು ಪಾಲು ಮಾರಿದ, ಉಳಿದದ್ದರಲ್ಲಿ ಅರ್ಧ ಮಾರಿದ, ಕೊನೆಗೆ ಹನ್ನೆರಡು ಉಳಿಯಿತು, ಮೊದಲು ಎಷ್ಟಿತ್ತು? ನನಗೆ ಆ ಮಾವಿನಹಣ್ಣಿನವನ ಮೇಲೆ ಕೋಪ ಬಂತೇ ಹೊರತು ಉತ್ತರ ಬರಲಿಲ್ಲ. ಏನೋ ಒಂದು ಬರೆದೆ.

ಹದಿನೈದು ದಿನಕ್ಕೆ ತಾತನ ಹೆಸರಿಗೆ ಒಂದು ಕಾರ್ಡು ಬಂತು. ಅಪ್ಪ ಓದಿದರು. ನಿಮ್ಮ ಮೊಮ್ಮಗಳು ಆಯ್ಕೆಯಾಗಿದ್ದಾಳೆ, ಟಿ.ಸಿ. ತಂದು ಸೇರಿಸಿ ಅಂತ ಇತ್ತು. ಹೆಸರೂ ಇತ್ತು. ಮನೆಯೆಲ್ಲ ಸಂಭ್ರಮ. ಚಿಕ್ಕಮ್ಮ ಬೆಲ್ಲ ತಂದು ಎಲ್ಲರ ಬಾಯಿಗೂ ಹಾಕಿದರು. ಬೆಲ್ಲ ಕರಗುವಷ್ಟರಲ್ಲಿ ಅಜ್ಜಿ ಕೇಳಿದರು, “ಅದ್ಸರಿ, ಯಾವೋಳು?”

ಅಪ್ಪ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. ಚಿಕ್ಕಪ್ಪ ಮೆಲ್ಲಗೆ, “ಹೋಗಿ ಕೇಳ್ಕೊಂಡು ಬರಾನಾ ಅಣ್ಣ?” ಅಂದರು. ಅಪ್ಪ ಬೇಡ ಅಂತ ತಲೆಯಾಡಿಸಿದರು. “ಇಬ್ರು ಅವ್ರೆ ಅಂತ ತಿಳಿದ್ರೆ, ಒಂದ್ ಸೀಟಿಗೆ ಒಂದೇ ಹೆಸ್ರಲ್ಲಿ ಎರಡು ಅರ್ಜಿ ಹಾಕಿ ಮೋಸ ಮಾಡವ್ರೆ ಅಂತಾರೆ. ಎರಡೂ ಬ್ಯಾಡ ಅಂದ್ಬುಟ್ರೆ?” ಇದು ಎಲ್ಲರಿಗೂ ಸರಿ ಅನ್ನಿಸಿತು. ಕಚೇರಿ, ಕಮಿಟಿ ಅಂದರೆ ನಮ್ಮವರಿಗೆ ಅಷ್ಟು ಹೆದರಿಕೆ. ಒಂದು ಮಾತು ಕೇಳಲು ಹೋಗಿ ಹೊಲ ಕಳೆದುಕೊಂಡವರು ಊರಿನಲ್ಲಿದ್ದರು.

ತಾತ ಕೊನೆಗೆ, “ದೊಡ್ಡೋಳೇ ಹೋಗ್ಲಿ. ಬರೋ ವರ್ಷ ಚಿಕ್ಕೋಳ್ನ ಕಳ್ಸಾನ” ಅಂದರು. ಊಟಕ್ಕೆ ಕೂತರೆ ದೊಡ್ಡವಳಿಗೆ ಮೊದಲು ಬಡಿಸುವುದು, ಹಬ್ಬಕ್ಕೆ ಬಟ್ಟೆ ತಂದರೆ ದೊಡ್ಡವಳು ಮೊದಲು ಆರಿಸುವುದು. ಸೀಟೂ ಹಾಗೆಯೇ ಬಂತು. ನಾನು ಚಿಕ್ಕೋಳ ಮುಖ ನೋಡಲಿಲ್ಲ. ಮೇಷ್ಟ್ರು ಟಿ.ಸಿ. ಬರೆದುಕೊಟ್ಟರು, ಯಾರದು ಅಂತ ಕೇಳಲಿಲ್ಲ. ಕೇಳಿದ್ದರೂ ಬರೆಯುತ್ತಿದ್ದದ್ದು ಅದನ್ನೇ.

ಸೇರಿಸಿ ಬರುವಾಗ ಅಪ್ಪ ದಾರಿಯಲ್ಲಿ ನಿಲ್ಲಿಸಿ ನನಗೆ ಒಂದೇ ಮಾತು ಹೇಳಿದರು. “ನಿನ್ ಹೆಸ್ರಿನೋಳು ಇನ್ನೊಬ್ಳು ಅವ್ಳೆ ಅಂತ ಅಲ್ಲಿ ಉಸಿರೆತ್ತಬ್ಯಾಡ.” ಅಂದಿನಿಂದ ನನ್ನ ನೆಮ್ಮದಿ ಹೋಯಿತು.

ನೀಲಿ ಲಂಗ, ಬಿಳಿ ರವಿಕೆ ತೊಟ್ಟು ದಿನಾ ಉಳಿದಿದ್ದ ಹೊಲಗಳ ಬದುವಿನ ಮೇಲೆ ನಡೆದು ಹೋಗುತ್ತಿದ್ದೆ. ಶಾಲೆಯಲ್ಲಿ ಯಾರಾದರೂ ನನ್ನ ಹೆಸರು ಕರೆದರೆ ಹಿಂದೆ ತಿರುಗಿ ನೋಡುತ್ತಿದ್ದೆ. ಹುಟ್ಟಿದಾಗಿನಿಂದ ಯಾರೂ ಕರೆಯದ ಹೆಸರು, ಅದನ್ನು ದಿನಕ್ಕೆ ಹತ್ತು ಸಲ ಕೂಗುತ್ತಿದ್ದರು. ಕೂಗುತ್ತಿರುವುದು ನನ್ನನ್ನಲ್ಲ, ಅವಳನ್ನು ಅಂತ ಅನ್ನಿಸುತ್ತಿತ್ತು. ಜವಾನ ಬಾಗಿಲಲ್ಲಿ ಬಂದು ನಿಂತರೆ ಸಾಕು, ಗೊತ್ತಾಯಿತು, ಕರೆಯಲು ಬಂದ ಅಂದುಕೊಳ್ಳುತ್ತಿದ್ದೆ. ಅವನು ಸೀಮೆಸುಣ್ಣ ಕೊಟ್ಟು ಹೋಗುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾನು.

ಸೀಟು ನಿಜವಾಗಿ ಯಾರದು? ಇದು ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲದ್ದೇ ಹಿಂಸೆಯಾಗಿತ್ತು. ಕನ್ನಡ ನೆನೆದರೆ ನನ್ನದೇ ಅನ್ನಿಸುತ್ತಿತ್ತು. ಮಾವಿನಹಣ್ಣಿನವನು ನೆನಪಾದರೆ ಅವಳದೇ ಅನ್ನಿಸುತ್ತಿತ್ತು. ಚಿಕ್ಕೋಳು ಮಾತ್ರ ಒಂದು ದಿನವೂ ಈ ಮಾತು ಎತ್ತಲಿಲ್ಲ. ಸಂಜೆ ನಾನು ಬಂದ ಕೂಡಲೇ ಕೈಯನ್ನು ಲಂಗಕ್ಕೆ ಒರೆಸಿಕೊಂಡು ನನ್ನ ಚೀಲ ಬಿಚ್ಚುತ್ತಿದ್ದಳು. “ಇವತ್ತು ಯಾವ ಲೆಕ್ಕ ಹೇಳ್ಕೊಟ್ರೇ?” ನಾನು ಅರ್ಥವಾಗದ್ದನ್ನು ತೋರಿಸುತ್ತಿದ್ದೆ, ಅವಳು ಮಾಡಿಕೊಡುತ್ತಿದ್ದಳು. ಮನೆಯಲ್ಲಿ ಮಾಡಿಕೊಂಡು ಬರಲು ಕೊಟ್ಟ ನನ್ನ ಲೆಕ್ಕಗಳೆಲ್ಲ ಸರಿಯಿರುತ್ತಿದ್ದವು, ಕ್ಲಾಸಿನಲ್ಲಿ ಮಾಡಿದವೆಲ್ಲ ತಪ್ಪಿರುತ್ತಿದ್ದವು.

ಒಂದು ಶನಿವಾರ ಅರ್ಧ ದಿನದ ಶಾಲೆ ಬಿಟ್ಟಿತ್ತು. ಬಡಾವಣೆಯ ಇಬ್ಬರು ಹುಡುಗಿಯರ ಜೊತೆ ಬರುತ್ತಿದ್ದೆ. ತಿರುವಿನಲ್ಲಿ ಅಜ್ಜಿ ಬುಟ್ಟಿ ಇಳಿಸಿ ಕೂತಿದ್ದರು, ಪಕ್ಕದಲ್ಲಿ ಚಿಕ್ಕೋಳು. ಅವರು ಆ ಬೀದಿಗೆ ಬರುವುದಿಲ್ಲ ಅಂತ ಮನೆಯಲ್ಲಿ ಮಾತಾಗಿತ್ತು, ಬೇರೆ ಕಡೆ ವ್ಯಾಪಾರವಾಗದೆ ಬಂದಿದ್ದರೋ ಏನೋ. ನನ್ನ ಜೊತೆಗಿದ್ದವಳೊಬ್ಬಳ ತಾಯಿ ಸೊಪ್ಪು ಆರಿಸುತ್ತಿದ್ದರು. ಚಿಕ್ಕೋಳು ಬೆರಳು ಮಡಚದೆ ಲೆಕ್ಕ ಹೇಳಿದ್ದಕ್ಕೆ ಅವರಿಗೆ ಆಶ್ಚರ್ಯ. “ಎಷ್ಟು ಚುರುಕಾಗಿದೀಯೇ! ಸ್ಕೂಲಿಗೆ ಹೋಗಲ್ವಾ? ಏನಮ್ಮ ನಿನ್ನ ಹೆಸರು?”

ಚಿಕ್ಕೋಳು ತಲೆ ಎತ್ತಿ ನನ್ನನ್ನು ನೋಡಿದಳು. ಗುರುತೇ ಇಲ್ಲದವಳ ಹಾಗೆ ಕಣ್ಣು ಆಚೆ ತಿರುಗಿಸಿದಳು. “ಚಿಕ್ಕೋಳು ಅಂತಾರೆ ಅಮ್ಮಾವ್ರೆ.”

“ಅದೂ ಒಂದು ಹೆಸರೇನೇ!” ಅಂತ ಆಕೆ ನಕ್ಕರು. ನನ್ನ ಗೆಳತಿಯರೂ ನಕ್ಕರು. “ನೋಡೇ, ನಿನ್ನ ಥರಾನೇ ಇದಾಳೆ. ನಿಮ್ಮೂರೋಳಾ?” ಅಂತ ಒಬ್ಬಳು ಕೇಳಿದಳು. ನಾನು “ಇರಬಹುದು” ಅಂದೆ. ಇರಬಹುದು! ಒಂದೇ ತೊಟ್ಟಿಲಲ್ಲಿ ಅವಳ ತಲೆಯ ಕಡೆ ನನ್ನ ಕಾಲು ಮಾಡಿಕೊಂಡು ಮಲಗಿ ಬೆಳೆದವಳನ್ನು ಹಾಗೆ ಹೇಳಿ ದಾಟಿ ಬಂದೆ. ಅಜ್ಜಿ ಕೊತ್ತಂಬರಿ ಕಟ್ಟಿನ ಮೇಲೆ ನೀರು ಚಿಮುಕಿಸುತ್ತಾ ತಲೆ ತಗ್ಗಿಸಿಕೊಂಡೇ ಇದ್ದರು.

ಅರ್ಧವಾರ್ಷಿಕ ಪರೀಕ್ಷೆ ಬಂತು. ಅಲ್ಲಿ ನನ್ನ ಹಿಂದೆ ಚಿಕ್ಕೋಳು ಇರಲಿಲ್ಲ. ಲೆಕ್ಕದಲ್ಲಿ ಕ್ಲಾಸಿಗೇ ಕಡಿಮೆ ನಂಬರು ನನಗೆ ಬಂತು. ಮಾರನೇ ದಿನ ಜವಾನ ಬಂದ, ಈ ಸಲ ನಿಜವಾಗಿ ನನ್ನನ್ನು ಕರೆಯಲು.

ಹೆಡ್ ಮಿಸ್ಟ್ರೆಸ್ ವಯಸ್ಸಾದ ಹೆಂಗಸು, ಬಿಳಿ ಖಾದಿ ಸೀರೆ, ಮೆಲುಮಾತು. ಮೆಲುಮಾತಿನವರಿಗೆ ನಾನು ಇವತ್ತಿಗೂ ಹೆದರುತ್ತೇನೆ. ಅವರ ಮೇಜಿನ ಮೇಲೆ ಶಾಲೆಯ ಜಗಲಿಯಲ್ಲಿ ಬರೆದಿದ್ದ ಆ ಪರೀಕ್ಷೆಯ ಉತ್ತರ ಪತ್ರಿಕೆ ಇತ್ತು.

“ಎಂಟ್ರೆನ್ಸಲ್ಲಿ ಲೆಕ್ಕಕ್ಕೆ ಪೂರ್ತಿ ಮಾರ್ಕ್ಸ್ ತಗೊಂಡೋಳು ನೀನು. ಈಗೇನಾಯ್ತು?” ಅಂದರು. “ಯಾಕೆ ಅಂತ ನೋಡೋಣ ಅಂತ ಇದನ್ನ ತೆಗೆಸಿದೆ. ಇಲ್ಲಿ ನೋಡು. ಈ ಹಾಳೇಲಿ ಮಾವಿನಹಣ್ಣಿನ ಲೆಕ್ಕ ತಪ್ಪು. ಅಡಿಷನಲ್ ಶೀಟಲ್ಲಿ ಅದನ್ನೇ ಸರಿಯಾಗಿ ಮಾಡಿದೀಯ. ಪತ್ರ ಇಲ್ಲಿ ಚೆನ್ನಾಗಿದೆ, ಅಲ್ಲಿ ಎರಡೇ ಸಾಲು. ಎಲ್ಲಾನೂ ಯಾಕೆ ಎರಡೆರಡು ಸಲ ಬರೆದೆ?”

ನೋಡಿದೆ. ನನ್ನ ಹಾಳೆಗಳ ಹಿಂದೆ ಇನ್ನಷ್ಟು ಹಾಳೆ ಸೇರಿಸಿ ದಾರ ಕಟ್ಟಿದ್ದರು. ಹಿಂದಿನ ಹಾಳೆಯ ಅಂಚಿನಲ್ಲಿ ಪುಟ್ಟ ಪುಟ್ಟ ಸೊಪ್ಪಿನ ಕಟ್ಟುಗಳ ಚಿತ್ರಗಳಿದ್ದವು. ಹನ್ನೆರಡು, ಅದರ ಪಕ್ಕ ಇನ್ನೊಂದು ಹನ್ನೆರಡು, ಸೇರಿ ಇಪ್ಪತ್ತನಾಲ್ಕು, ಅಂಥವು ನಾಲ್ಕು, ತೊಂಬತ್ತಾರು. ಗುಮಾಸ್ತರು ಒಂದೇ ಹೆಸರು, ಒಂದೇ ಊರು, ಒಂದೇ ಪೋಷಕರು, ಒಂದೇ ಥರದ ಅಕ್ಷರ ನೋಡಿ, ಯಾವುದೋ ಹುಡುಗಿ ಹೆಚ್ಚಿಗೆ ಹಾಳೆ ತೆಗೆದುಕೊಂಡಿದ್ದಾಳೆ ಅಂತ ಎರಡನ್ನೂ ಸೇರಿಸಿ ಕಟ್ಟಿಬಿಟ್ಟಿದ್ದರು. ಮಾರ್ಕು ಹಾಕಿದವರು ಎಲ್ಲಿ ಸರಿಯಿತ್ತೋ ಅಲ್ಲಿಂದ ಎತ್ತಿಕೊಂಡು ಕೂಡಿದ್ದರು. ಗೆದ್ದದ್ದು ನಾನಲ್ಲ, ಅವಳೂ ಅಲ್ಲ. ನನ್ನ ಕನ್ನಡ, ಅವಳ ಲೆಕ್ಕ ಸೇರಿ ಆದ ಯಾರೋ ಒಬ್ಬಳು ಗೆದ್ದಿದ್ದಳು.

ಅಳು ಒತ್ತರಿಸಿ ಬಂತು. ಅಪ್ಪ ಹೇಳಿದ್ದು ಮರೆತು ಎಲ್ಲವನ್ನೂ ಹೇಳಿಬಿಟ್ಟೆ. ಇಬ್ಬರಿಗೂ ಒಂದೇ ಹೆಸರು, ಕಾರ್ಡು, ಬೆಲ್ಲ, ತಾತನ ಮಾತು, ಬೀದಿಯಲ್ಲಿ ನಾನು ಅಂದ ‘ಇರಬಹುದು’, ಯಾವುದನ್ನೂ ಬಿಡಲಿಲ್ಲ. ಅವರು ಕನ್ನಡಕ ತೆಗೆದಿಟ್ಟರು.

“ಇಬ್ಬರನ್ನೂ ಸೇರಿಸ್ಕೊಳ್ಳಿ ಮೇಡಂ” ಅಂದೆ.

“ನನ್ನ ಕೈಲಿದ್ರೆ ಸೇರಿಸ್ಕೊತಿದ್ದೆ. ಊರಿಗೊಂದೇ ಸೀಟು. ಕಮಿಟಿ ಮುಂದೆ ಇದನ್ನ ಇಟ್ರೆ, ನಿಮ್ಮೂರಿನ ಸೀಟನ್ನೇ ತೆಗೆದುಹಾಕ್ತಾರೆ. ನಿಂಗೂ ಇಲ್ಲ, ಅವಳಿಗೂ ಇಲ್ಲ, ಮುಂದೆ ಬರೋರಿಗೂ ಇಲ್ಲ.” ಪತ್ರಿಕೆಯನ್ನು ಡ್ರಾಯರಿನೊಳಗೆ ಹಾಕಿ ಮುಚ್ಚಿದರು. “ಈ ಸೀಟು ಬಂದಿರೋದು ನಿಮ್ಮ ಮನೆಗೆ. ಇವತ್ತು ಹೋಗಿ ನಿಮ್ಮ ತಾತನಿಗೆ, ನಿನ್ನ ತಂಗಿಗೆ, ಈ ಪೇಪರಲ್ಲಿ ಏನಿದೆ ಅಂತ ಇದ್ದದ್ದು ಇದ್ದ ಹಾಗೆ ಹೇಳು. ಎಲ್ಲಾ ತಿಳ್ಕೊಂಡ ಮೇಲೆ ಅವರು ಯಾರನ್ನ ಕಳಿಸ್ತಾರೋ, ನಾಳೆ ಯಾರು ಬಂದು ಆ ಜಾಗದಲ್ಲಿ ಕೂರ್ತಾರೋ, ನಾನು ಹಾಜರಿ ಹಾಕ್ತೀನಿ. ಹೆಸರು ಹೇಗೂ ಅದೇ ಇದೆಯಲ್ಲ.”

ಮನೆಯ ದಾರಿ ಅಷ್ಟು ಉದ್ದ ಅಂತ ಗೊತ್ತಿರಲಿಲ್ಲ. ಹೇಳಬೇಕು ಅಂತಲೇ ಹೊರಟೆ. ಮಾತುಗಳನ್ನು ಜೋಡಿಸಿಕೊಳ್ಳುತ್ತಾ ಬಂದೆ. ಊರು ಹತ್ತಿರವಾದ ಹಾಗೆ ತಾತನ ನೆನಪಾಯಿತು. ತಾತ ನ್ಯಾಯವಂತ ಮನುಷ್ಯ. ಊರಿನವರು ಬದುವಿನ ಜಗಳಕ್ಕೆ ಅವರ ಹತ್ತಿರ ಬರುತ್ತಿದ್ದರು. ಹೇಳಿದರೆ ಅವರು ಏನನ್ನುತ್ತಾರೆ ಅಂತ ನನಗೆ ಗೊತ್ತಿತ್ತು: ದೊಡ್ಡೋಳು ಅರ್ಧ ವರ್ಷ ಹೋದಳು, ಇನ್ನು ಚಿಕ್ಕೋಳು ಹೋಗಲಿ. ನನಗೆ ಹೆದರಿಕೆಯಾದದ್ದು ಅವರ ಅನ್ಯಾಯಕ್ಕಲ್ಲ, ನ್ಯಾಯಕ್ಕೆ.

ತಾತ ಜಗಲಿಯ ಮೇಲೆ ಕೂತು ಹುರಿಗಡಲೆ ತಿನ್ನುತ್ತಿದ್ದರು. “ತಾತ” ಅಂದೆ. “ಏನವ್ವ?” ಅಂದರು. ಹೆಸರು ಹಿಡಿದಿರಲಿಲ್ಲ, ಅವ್ವ ಅಂದಿದ್ದರು, ತಮ್ಮ ತಾಯಿಯನ್ನು ಕರೆದ ಹಾಗೆ. “ಏನಿಲ್ಲ” ಅಂದೆ. ಅಂಗೈಯಲ್ಲಿದ್ದ ನಾಲ್ಕು ಕಡಲೆ ನನಗೆ ಕೊಟ್ಟರು. ಒಳಗಿನಿಂದ ಚಿಕ್ಕೋಳು ಬಂದಳು. ದಿನದ ಹಾಗೆ ಚೀಲ ಇಸಿದುಕೊಂಡಳು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಲೆಕ್ಕದ ಪುಸ್ತಕ ಬಿಚ್ಚಿದಳು. ನಾನು ಪಕ್ಕದಲ್ಲೇ ಕೂತೆ. ಅವಳು ಮೂರು ಲೆಕ್ಕ ಮುಗಿಸುವವರೆಗೆ ಸಮಯವಿತ್ತು. ನಾಲ್ಕನೆಯದನ್ನು ಶುರುಮಾಡಿದಾಗ ಅವಳನ್ನು ಚಿಕ್ಕಮ್ಮ ರಾಗಿ ಬೀಸಲು ಕರೆದರು. ಎದ್ದು ಹೋದಳು. ನಾನು ಹೇಳಲಿಲ್ಲ.

ಬೆಳಿಗ್ಗೆ ನೀಲಿ ಲಂಗ ನಾನೇ ತೊಟ್ಟೆ.

ಹೆಡ್ ಮಿಸ್ಟ್ರೆಸ್ ಅವತ್ತು ತಾವೇ ಹಾಜರಿ ಪುಸ್ತಕ ಹಿಡಿದು ಕ್ಲಾಸಿಗೆ ಬಂದರು. ಬಾಗಿಲಿನಿಂದಲೇ ನನ್ನ ಜಾಗದ ಕಡೆ ನೋಡಿದರು. ಹತ್ತಿರ ಬಂದು, ಬೇರೆಯವರಿಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದರು, “ಮನೇಲಿ ಹೇಳಿದ್ಯಾ?”

“ಹೇಳ್ದೆ ಮೇಡಂ.”

“ನಿನ್ನ ತಂಗಿ ಏನಂದ್ಲು?”

“ನೀನೇ ಹೋಗು ಅಂದ್ಲು.”

ಅವರು ನನ್ನ ತಲೆ ಸವರಿದರು. “ದೊಡ್ಡ ಮನಸ್ಸು ಅವಳದು” ಅಂದರು. ಆಮೇಲೆ ಹೆಸರು ಕೂಗಿ ಹಾಜರಿ ಹಾಕಿದರು.

ಅಲ್ಲಿಯವರೆಗಿನ ತಪ್ಪಿನಲ್ಲಿ ಎಲ್ಲರ ಪಾಲೂ ಇತ್ತು. ಹೆಸರಿಟ್ಟ ತಾತ, ತಾರೀಕು ಹಾಕಿದ ಮೇಷ್ಟ್ರು, ದಾರ ಕಟ್ಟಿದ ಗುಮಾಸ್ತರು, ಊರಿನ ಹೊಲಗಳಿಗೆಲ್ಲ ಬದಲಾಗಿ ಒಂದೇ ಸೀಟು ಕೊಟ್ಟ ಕಮಿಟಿ. ಆ ಎರಡು ಮಾತು ಮಾತ್ರ ನನ್ನವು. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಹಾಜರಿ ಬಿದ್ದ ಆ ಗಳಿಗೆಯಲ್ಲಿ ನನಗೆ ಸಂತೋಷವಾಯಿತು.

ಬರೋ ವರ್ಷ ಚಿಕ್ಕೋಳು ಅಂದಿದ್ದರು ತಾತ. ಬರುವ ವರ್ಷ ಅರ್ಜಿ ಹಾಕುವುದು ಯಾವ ಹೆಸರಿನಲ್ಲಿ? ಆ ಹೆಸರಿನವಳು ಆಗಲೇ ಆ ಶಾಲೆಯಲ್ಲಿ ಓದುತ್ತಿದ್ದಳಲ್ಲ. ಅಪ್ಪ ಇದನ್ನು ಹೇಳಿದಾಗ ಚಿಕ್ಕಪ್ಪ “ಹೂಂ” ಅಂದರು, ಅಷ್ಟೇ. ಹದಿನಾರಕ್ಕೆ ಅವಳನ್ನು ಉತ್ತರಹಳ್ಳಿಗೆ ಕೊಟ್ಟರು. ನಾನು ಓದಿದೆ, ಟೀಚರಾದೆ. ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವ ಮೇಜಿನ ಈಚೆ ಎಷ್ಟೋ ವರ್ಷ ಕೂತೆ. ಒಬ್ಬರ ಮಗು ಒಳಗೆ, ಇನ್ನೊಬ್ಬರ ಮಗು ಹೊರಗೆ ಅಂತ ಪಟ್ಟಿ ಅಂಟಿಸುವ ದಿನ ಹೆಸರುಗಳನ್ನು ಮೂರು ಮೂರು ಸಲ ತಾಳೆ ನೋಡುತ್ತಿದ್ದೆ. ಸಹೋದ್ಯೋಗಿಗಳು ಎಷ್ಟು ಸಲ ನೋಡ್ತೀರಿ ಮೇಡಂ, ಸಾಕು ಬಿಡಿ ಅನ್ನುತ್ತಿದ್ದರು.

ಚಿಕ್ಕೋಳು ಚೆನ್ನಾಗಿದ್ದಾಳೆ. ಈಗಲೂ ಹಬ್ಬಕ್ಕೆ ನಮ್ಮ ಮನೆಗೆ ಬರುತ್ತಾಳೆ. ನನ್ನನ್ನು ತೋರಿಸಿ ಮೊಮ್ಮಕ್ಕಳಿಗೆ, “ಇವ್ಳು ನನ್ ಹೆಸ್ರಿನೋಳು, ಪರೀಕ್ಷೇಲಿ ಗೆದ್ದು ಓದ್ದೋಳು” ಅಂತ ಹೇಳುತ್ತಾಳೆ. ಅದನ್ನು ಹೆಮ್ಮೆಯಿಂದಲೇ ಹೇಳುತ್ತಾಳೆ. ಡ್ರಾಯರಿನೊಳಗೆ ಹೋದ ಆ ಹಾಳೆಯ ವಿಷಯ ಅವಳಿಗೆ ಗೊತ್ತಿಲ್ಲ. ತನ್ನನ್ನು ಯಾರೋ ಕೇಳಿದರು, ತಾನು ‘ನೀನೇ ಹೋಗು’ ಅಂದಳು ಅಂತಲೂ ಗೊತ್ತಿಲ್ಲ.

ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ಓದುವಾಗ ಆಕಳಿಸುತ್ತಾಳೆ, ಆದರೂ ಕನ್ನಡ ಓದಬಲ್ಲಳು. ಅವಳಿಗೆ ಅರ್ಥವಾಗಲಿ ಅಂತ ಇದನ್ನು ಆದಷ್ಟು ಸರಳವಾಗಿ ಬರೆದಿದ್ದೇನೆ. ಇದನ್ನು ಓದಿದ ಮೇಲೆ ಮುಂದಿನ ಹಬ್ಬಕ್ಕೆ ಅವಳು ಬರುತ್ತಾಳೋ ಇಲ್ಲವೋ, ನನಗೆ ಗೊತ್ತಿಲ್ಲ.